ವಿ.ಎಫ್.ಡಿ. ಪಂಪು ಎಷ್ಟು ಕರೆಂಟ್ ತಿನ್ನುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಪಾರ್ಟ್‌ಮೆಂಟಿನ ನೀರಿನ ಪಂಪುಗಳ ಉಸ್ತುವಾರಿ ನನ್ನ ತಲೆಗೆ ಬಿದ್ದು ಕೆಲವು ವರ್ಷಗಳಾದವು. ಕಮಿಟಿ ಮೀಟಿಂಗಿನಲ್ಲಿ, ಲಿಫ್ಟಿನಲ್ಲಿ, ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಕೂಡ ಜನ ಹಿಡಿದು ನಿಲ್ಲಿಸಿ ಕೇಳಿದ ಪ್ರಶ್ನೆಗಳು ಇವು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಪಂಪ್ ರೂಮನ್ನು ಕಣ್ಣ ಮುಂದೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಆಫೀಸು ಕಟ್ಟಡಗಳ ಎಸಿ ಪಂಪುಗಳ ಮಾತು ಕೊನೆಯ ಕಡೆ ಸ್ವಲ್ಪ ಬರುತ್ತದೆ.

ವಿ.ಎಫ್.ಡಿ. ಅಂದ್ರೆ ಏನು?

ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್, ಸುಮ್ನೆ ‘ಡ್ರೈವ್’ ಅಂತಲೂ ಅನ್ನುತ್ತೇವೆ. ಮೋಟರಿಗೆ ಹೋಗುವ ಕರೆಂಟಿನ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಅಲೆ ಅನ್ನುವ ಲೆಕ್ಕ) ಮತ್ತು ವೋಲ್ಟೇಜ್ ಎರಡನ್ನೂ ಏರಿಸಿ ಇಳಿಸುವ ಪೆಟ್ಟಿಗೆ. ಲೈನಿನಲ್ಲಿ ನಮಗೆ ಬರುವುದು 50 ಹರ್ಟ್ಸ್. ಅದರಲ್ಲಿ ನಿಮಿಷಕ್ಕೆ ಸುಮಾರು 2900 ಸುತ್ತು ತಿರುಗುವ ಪಂಪು 40 ಹರ್ಟ್ಸಿಗೆ ಇಳಿದರೆ ಸುಮಾರು 2300 ಸುತ್ತು ತಿರುಗುತ್ತದೆ. ಪೈಪಿನ ಮೇಲೆ ಕೂತಿರುವ ಪ್ರೆಷರ್ ಸೆನ್ಸರ್ ನೋಡಿಕೊಂಡು ಡ್ರೈವ್ ಈ ವೇಗವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ನಾವು ಸುಮ್ನೆ ‘ಎಚ್.ಎನ್.ಎಸ್. ಪಂಪ್’ ಅನ್ನುವ ಹೈಡ್ರೋ-ನ್ಯೂಮ್ಯಾಟಿಕ್ ಸಿಸ್ಟಮ್‌ನಲ್ಲಿ ಇರುವುದು ಇದೇ. ಸಂಪಿನಿಂದ ನೇರವಾಗಿ ಮನೆಗಳ ನಲ್ಲಿಗೆ ನೀರು ತಳ್ಳುವ ಕೆಲಸ ಅದರದು.

ವೇಗ 20 ಪರ್ಸೆಂಟ್ ಇಳಿಸಿದರೆ ಕರೆಂಟ್ ಅರ್ಧ ಆಗುತ್ತದೆ ಅಂತಾರಲ್ಲ, ನಿಜವಾ?

ಲೆಕ್ಕದ ಪ್ರಕಾರ ನಿಜ. ನಮ್ಮ ಕಟ್ಟಡದಲ್ಲಿ ಅಷ್ಟು ನಿಜ ಅಲ್ಲ.

ಸೆಂಟ್ರಿಫ್ಯೂಗಲ್ ಪಂಪಿನಲ್ಲಿ (ಒಳಗಿನ ಚಕ್ರ ತಿರುಗಿ ನೀರನ್ನು ಹೊರಗೆ ಎಸೆಯುವ ನಮ್ಮಂಥ ಪಂಪು) ವೇಗ ಎಷ್ಟು ಪಾಲು ಇಳಿಯುತ್ತದೋ ನೀರೂ ಅಷ್ಟೇ ಪಾಲು ಇಳಿಯುತ್ತದೆ. ಪ್ರೆಷರ್ ಆ ಪಾಲಿನ ವರ್ಗದಷ್ಟು, ಪವರ್ ಅದರ ಘನದಷ್ಟು ಇಳಿಯುತ್ತದೆ. 0.8 ಅನ್ನು ಮೂರು ಸಲ ಗುಣಿಸಿದರೆ 0.51. ‘ಅರ್ಧ’ ಅನ್ನುವ ಮಾತು ಬಂದಿದ್ದು ಇಲ್ಲಿಂದ.

ಆದರೆ ಇದು ಪೂರ್ತಿ ಹೊಂದುವುದು ನೀರು ಸುತ್ತು ಹೊಡೆದು ವಾಪಸ್ ಬರುವ ಕಡೆ, ಅಂದರೆ ಎಸಿಯ ತಣ್ಣೀರಿನ ಪೈಪಿನಂಥ ಕಡೆ. ಅಲ್ಲಿ ಪಂಪಿಗೆ ಪೈಪಿನ ತಿಕ್ಕಾಟ ಗೆದ್ದರೆ ಸಾಕು. ನಮ್ಮಲ್ಲಿ ಹಾಗಲ್ಲ. ಒಂದೇ ಒಂದು ನಲ್ಲಿ ತೆರೆದಿದ್ದರೂ ನೀರು ಮೇಲಿನ ಮಹಡಿ ಹತ್ತಲೇಬೇಕು, ಎತ್ತರ ಕಮ್ಮಿ ಆಗುವುದಿಲ್ಲ.

ನಮ್ಮ ಪಂಪನ್ನೇ ತಗೊಳ್ಳಿ. 7.5 ಎಚ್.ಪಿ., ಅಂದರೆ 5.5 ಕಿಲೋವ್ಯಾಟ್. 50 ಹರ್ಟ್ಸಿನಲ್ಲಿ ಓಡಿಸಿ ವಾಲ್ವ್ ಮುಚ್ಚಿದರೆ ಪ್ರೆಷರ್ ಗೇಜ್ 5 ಕೆ.ಜಿ. (ಚದರ ಸೆಂಟಿಮೀಟರಿಗೆ) ತೋರಿಸುತ್ತದೆ. ನಾವು ಸೆಟ್ ಮಾಡಿರುವುದು 3.5 ಕೆ.ಜಿ. 3.5 ಅನ್ನು 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.837. ಅದನ್ನು 50ಕ್ಕೆ ಗುಣಿಸಿದರೆ ಸುಮಾರು 42 ಹರ್ಟ್ಸ್. ಅಂದರೆ 42ಕ್ಕಿಂತ ಕೆಳಗೆ ಈ ಪಂಪಿನಿಂದ ಒಂದು ಹನಿ ನೀರೂ ಮುಂದೆ ಹೋಗುವುದಿಲ್ಲ. ನಮಗೆ ಆಟ ಆಡಲು ಸಿಗುವುದು 42ರಿಂದ 50ರ ನಡುವಿನ ಜಾಗ ಮಾತ್ರ. ‘30 ಹರ್ಟ್ಸಿನಲ್ಲಿ ಓಡಿಸಿ, ಬಿಲ್ಲು ಕಾಲು ಭಾಗ ಆಗುತ್ತೆ’ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. 42 ಅನ್ನುವ ಸಂಖ್ಯೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಯಾವ ಸಂಖ್ಯೆ ನೋಡಬೇಕು?

ಸಾವಿರ ಲೀಟರಿಗೆ ಎಷ್ಟು ಯೂನಿಟ್. ಇದೊಂದೇ.

ಡ್ರೈವ್ ತೋರಿಸುವ ಹರ್ಟ್ಸ್ ಅಲ್ಲ, ಆಂಪ್ಸ್ ಅಲ್ಲ, ತಿಂಗಳ ಬಿಲ್ಲಂತೂ ಅಲ್ಲ. ಬೇಸಿಗೆ ರಜೆಯಲ್ಲಿ ಅರ್ಧ ಮನೆ ಖಾಲಿ ಇದ್ದರೆ ಬಿಲ್ಲು ತಾನಾಗಿ ಇಳಿಯುತ್ತದೆ. ಅದರಲ್ಲಿ ಪಂಪಿನ ಹೆಚ್ಚುಗಾರಿಕೆ ಏನಿದೆ? ನೀರನ್ನೂ ಕರೆಂಟನ್ನೂ ಒಟ್ಟಿಗೆ ಅಳೆಯದೆ ಪಂಪಿನ ಬಗ್ಗೆ ಏನು ಹೇಳಿದರೂ ಅದು ಅಂದಾಜು.

ಹೋಲಿಸಲು ಒಂದು ತಳ ಬೇಕು ಅಲ್ವಾ? ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು, ಏನೂ ನಷ್ಟ ಇಲ್ಲದಿದ್ದರೆ, 0.002725 ಯೂನಿಟ್ ಬೇಕು. ಇದು ಭೂಮಿ ಹಾಕಿದ ರೇಟು, ಚೌಕಾಸಿ ಇಲ್ಲ. 3.5 ಕೆ.ಜಿ. ಅಂದರೆ 35 ಮೀಟರ್. 35ಕ್ಕೆ ಗುಣಿಸಿದರೆ 0.095 ಯೂನಿಟ್. ನಮ್ಮ ಪಂಪು ಇದರ ಎರಡೂಕಾಲು ಪಟ್ಟು ತಿಂದರೆ ನಾನು ತಕರಾರು ಮಾಡುವುದಿಲ್ಲ. ಈ ಗಾತ್ರದ ಪಂಪು, ಮೋಟರ್, ಡ್ರೈವ್ ಮೂರರ ನಷ್ಟ ಸೇರಿ ಅಷ್ಟಾಗುತ್ತದೆ. ನಾಲ್ಕು ಪಟ್ಟು ತಿಂದರೆ ಎಲ್ಲೋ ಏನೋ ಕೆಟ್ಟಿದೆ.

ಕರೆಂಟನ್ನು ಎಲ್ಲಿ ಅಳೆಯಬೇಕು, ಡ್ರೈವ್‌ಗೆ ಮೊದಲೋ ಆಮೇಲೋ?

ಮೊದಲು. ಲೈನಿನಿಂದ ಡ್ರೈವ್‌ಗೆ ಬರುವ ಕೇಬಲಿನ ಮೇಲೆ. ಡ್ರೈವ್‌ನ ನಷ್ಟಕ್ಕೂ ನೀವೇ ದುಡ್ಡು ಕೊಡುತ್ತೀರಿ, ಅದೂ ಲೆಕ್ಕಕ್ಕೆ ಬರಬೇಕು. ಡ್ರೈವ್‌ನಿಂದ ಮೋಟರಿಗೆ ಹೋಗುವ ವೋಲ್ಟೇಜ್ ಕತ್ತರಿಸಿ ಕತ್ತರಿಸಿ ಕಳಿಸಿದಂತೆ ಇರುತ್ತದೆ. ಸಾಮಾನ್ಯ ಮೀಟರ್ ಅಲ್ಲಿ ಏನೇನೋ ತೋರಿಸುತ್ತದೆ.

ಲೈನಿನ ಕಡೆಯೂ ಕರೆಂಟಿನ ಅಲೆ ಸ್ವಚ್ಛವಾಗಿರುವುದಿಲ್ಲ, ಹಾರ್ಮೋನಿಕ್ಸ್ ಸೇರಿರುತ್ತದೆ. ಹಾಗಾಗಿ ಮೀಟರ್ ಟ್ರೂ ಆರ್.ಎಂ.ಎಸ್. (ಕೆಟ್ಟ ಅಲೆಯನ್ನೂ ಸರಿಯಾಗಿ ಓದುವಂಥದ್ದು) ಆಗಿರಲಿ, ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ತಗೊಂಡು ಪವರ್ ಲೆಕ್ಕ ಹಾಕುವಂಥದ್ದಾಗಿರಲಿ.

ಕ್ಲಾಂಪ್ ಮೀಟರ್ ಹಾಕಿದರೆ ಡ್ರೈವ್‌ಗೆ ಹೋಗುವುದು 3.6 ಆಂಪ್, ಹೊರಗೆ ಬರುವುದು 5.5 ಆಂಪ್! ಜಾಸ್ತಿ ಕರೆಂಟ್ ಎಲ್ಲಿಂದ ಬಂತು?

ಇದನ್ನು ಕೇಳಿದ್ದು ನಮ್ಮ ಎಲೆಕ್ಟ್ರಿಷಿಯನ್. ಕ್ಲಾಂಪ್ ಮೀಟರ್ ಅಂದರೆ ಕೇಬಲಿನ ಸುತ್ತ ಕಚ್ಚಿಸಿ ಆಂಪ್ ಓದುವ ಮೀಟರ್. ಒಳ್ಳೆಯ ಪ್ರಶ್ನೆ. ಡ್ರೈವ್‌ನಿಂದ ಹೊರಗೆ ವೋಲ್ಟೇಜ್ ಕಮ್ಮಿ ಇರುತ್ತದೆ. ಮೋಟರನ್ನು ಅಯಸ್ಕಾಂತ ಮಾಡಿಡುವ ಕರೆಂಟ್ ಡ್ರೈವ್ ಮತ್ತು ಮೋಟರ್ ನಡುವೆಯೇ ಓಡಾಡುತ್ತಿರುತ್ತದೆ, ಲೈನಿನವರೆಗೆ ಬರುವುದೇ ಇಲ್ಲ. ಆಂಪ್ ಜಾಸ್ತಿ ಕಂಡರೂ ಪವರ್ ಜಾಸ್ತಿ ಇಲ್ಲ.

ಎಡವುವುದು ಇಲ್ಲೇ. ಆ 5.5 ಆಂಪನ್ನು 415 ವೋಲ್ಟಿಗೆ ಗುಣಿಸಿ, 1.732 ಮತ್ತು ಪವರ್ ಫ್ಯಾಕ್ಟರ್ 0.85 ಹಾಕಿದರೆ 3.4 ಕಿಲೋವ್ಯಾಟ್ ಬರುತ್ತದೆ. ಅದೇ ಹೊತ್ತಿಗೆ ಎನರ್ಜಿ ಮೀಟರ್ ತೋರಿಸಿದ್ದು 1.8. ಹೆಚ್ಚುಕಡಿಮೆ ಡಬಲ್ ತಪ್ಪು! ಪಂಪಿನ ಉಳಿತಾಯವನ್ನು ಕ್ಲಾಂಪ್ ಮೀಟರಿನ ಆಂಪ್ಸ್ ಮೇಲೆ ತೋರಿಸಿದ ಯಾವ ರಿಪೋರ್ಟನ್ನೂ ನಾನು ಒಪ್ಪುವುದಿಲ್ಲ.

ಡ್ರೈವ್‌ನ ಪರದೆಯಲ್ಲೇ ಯೂನಿಟ್ ಬರುತ್ತದಲ್ಲ, ಅದು ಸಾಲದಾ?

ಏರಿಳಿತ ನೋಡಲು ಸಾಕು, ಲೆಕ್ಕ ಒಪ್ಪಿಸಲು ಸಾಲದು. ಅದು ಸಾಮಾನ್ಯವಾಗಿ ಮೋಟರಿಗೆ ಕೊಟ್ಟ ಪವರಿನ ಅಂದಾಜು, ಡ್ರೈವ್ ತಾನು ತಿಂದದ್ದನ್ನು ಸೇರಿಸಿರುವುದಿಲ್ಲ. ಪೂರ್ತಿ ಲೋಡಿನಲ್ಲಿ ಡ್ರೈವ್‌ನ ನಷ್ಟ 2ರಿಂದ 5 ಪರ್ಸೆಂಟ್. ಕಮ್ಮಿ ಲೋಡಿನಲ್ಲಿ ಈ ಪಾಲು ದೊಡ್ಡದಾಗುತ್ತದೆ.

ಎನರ್ಜಿ ಮೀಟರ್ ಹಾಕಿಸಿದ್ದೇವೆ, ಆದರೂ ಲೆಕ್ಕ ಹೊಂದುತ್ತಿಲ್ಲ.

ಸಿ.ಟಿ. (ಕೇಬಲಿನ ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಷ್ಟು ಚಿಕ್ಕದು ಮಾಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಇದ್ದರೆ ಮೊದಲು ಅದರ ಮೇಲೆ ಅನುಮಾನ ಪಡಿ. ಪರಿಚಯದವರ ಅಪಾರ್ಟ್‌ಮೆಂಟಿನಲ್ಲಿ ಪ್ಯಾನೆಲಿಗೆ ಹಾಕಿದ್ದು 50/5ರ (50 ಆಂಪನ್ನು 5 ಮಾಡುವ) ಸಿ.ಟಿ., ಮೀಟರಿನಲ್ಲಿ ತುಂಬಿಸಿದ್ದು 100/5. ಎರಡು ವರ್ಷ ಎಲ್ಲ ಓದುಗಳೂ ಡಬಲ್! ಪಂಪನ್ನೇ ಬದಲಾಯಿಸುವ ಮಾತು ಕಮಿಟಿಯವರೆಗೆ ಹೋಗಿತ್ತು. ಇನ್ನೊಂದು ತಪ್ಪು ಒಂದು ಫೇಸಿನ ಸಿ.ಟಿ. ಉಲ್ಟಾ ಕೂರಿಸುವುದು. ಆಗ ಓದು ಮೂರನೇ ಒಂದಕ್ಕೆ ಇಳಿಯುತ್ತದೆ, ಎಲ್ಲರೂ ‘ಭಾರಿ ಉಳಿತಾಯ’ ಅಂತ ಖುಷಿ ಪಡುತ್ತಾರೆ.

ಪರೀಕ್ಷೆಗೆ ಸುಲಭ ದಾರಿ ಇದೆ. ಮೀಟರಿನ ಮುಖದ ಮೇಲೆ ಮಿಣುಕುವ ಕೆಂಪು ದೀಪ ಇರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. ನಮ್ಮದರಲ್ಲಿ 3200. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು 20 ಮಿಣುಕು ಎಣಿಸಿ. 12.5 ಸೆಕೆಂಡ್ ಹಿಡಿಯಿತು ಅನ್ನಿ. 3600 ಗುಣಿಸು 20, ಭಾಗಿಸು 3200, ಭಾಗಿಸು 12.5. ಉತ್ತರ 1.8 ಕಿಲೋವ್ಯಾಟ್. ಸಿ.ಟಿ. ಮೀಟರಾಗಿದ್ದರೆ ಆ ಮಿಣುಕು ಸಿ.ಟಿ.ಗಿಂತ ಮೊದಲಿನದೋ ಆಮೇಲಿನದೋ ಅಂತ ಮೀಟರಿನ ಪುಸ್ತಕದಲ್ಲಿ ನೋಡಿಕೊಳ್ಳಿ.

ನೀರು ಅಳೆಯಲು ದುಬಾರಿ ಮೀಟರ್ ಬೇಕೇ ಬೇಕಾ?

ಬೇಡ. ನಿಮ್ಮ ಸಂಪೇ ದೊಡ್ಡ ಅಳತೆ ಪಾತ್ರೆ.

ನಾವು ಮಾಡಿದ್ದು ಹೀಗೆ. ನಮ್ಮ ಸಂಪಿನ ಒಳ ಅಳತೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಅಂದರೆ ನೀರು ಒಂದು ಸೆಂಟಿಮೀಟರ್ ಇಳಿದರೆ 120 ಲೀಟರ್ ಹೋಯಿತು ಅಂತ. ಬೆಳಿಗ್ಗೆ ಆರೂವರೆಗೆ ಕಾವೇರಿ ಲೈನು, ಬೋರ್‌ವೆಲ್, ಟ್ಯಾಂಕರ್ ಮೂರರ ವಾಲ್ವನ್ನೂ ಮುಚ್ಚಿದೆವು. ಸೆಕ್ಯುರಿಟಿಯವರಿಗೆ ‘ಏಳೂವರೆವರೆಗೆ ಟ್ಯಾಂಕರ್ ಒಳಗೆ ಬಿಡಬೇಡಿ’ ಅಂತ ಹೇಳಿದ್ದೆವು. ಮುಚ್ಚಳ ತೆಗೆದು ಸ್ಟೀಲ್ ಟೇಪನ್ನು ಕೆಳಗೆ ಬಿಟ್ಟು, ಅಂಚಿನಿಂದ ನೀರಿನವರೆಗೆ ಎಷ್ಟು ಅಂತ ಬರೆದುಕೊಂಡೆವು. ಟೇಪ್ ನೀರಿಗೆ ತಾಗಿದ್ದು ಕಾಣುವುದಿಲ್ಲ ಅಂತ ತುದಿಗೆ ಸೀಮೆಸುಣ್ಣ ಬಳಿದಿದ್ದೆವು. ಒದ್ದೆಯಾದ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಅದೇ ಕ್ಷಣ ಇನ್ನೊಬ್ಬರು ಪಂಪ್ ರೂಮಿನಲ್ಲಿ ಮೀಟರ್ ಓದಿದರು.

ಅರ್ಧ ಗಂಟೆ ಆದ ಮೇಲೆ ನೀರು 50 ಸೆಂಟಿಮೀಟರ್ ಇಳಿದಿತ್ತು. 6000 ಲೀಟರ್. ಮೀಟರಿನಲ್ಲಿ 1.3 ಯೂನಿಟ್ ಏರಿತ್ತು. 1.3 ಅನ್ನು 6ರಿಂದ ಭಾಗಿಸಿದರೆ ಸಾವಿರ ಲೀಟರಿಗೆ 0.217 ಯೂನಿಟ್.

ಎರಡು ಎಚ್ಚರಿಕೆ. ನೀರು ಕನಿಷ್ಠ 30 ಸೆಂಟಿಮೀಟರಾದರೂ ಇಳಿಯಲಿ. 50ರಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ 2 ಪರ್ಸೆಂಟ್ ತಪ್ಪು, 5ರಲ್ಲಿ ಒಂದು ತಪ್ಪಿದರೆ 20 ಪರ್ಸೆಂಟ್. ಎರಡನೆಯದು, ಸಂಪಿನೊಳಗೆ ಯಾರೂ ಇಳಿಯುವುದು ಬೇಡ. ಟೇಪ್ ಮೇಲಿನಿಂದಲೇ ಬಿಡಿ.

ಪೈಪಿನ ಮೇಲೆ ಕಟ್ಟುವ ಅಲ್ಟ್ರಾಸಾನಿಕ್ ಮೀಟರ್ ತರಿಸಬೇಕು ಅಂತಾರೆ. ಹೇಗೆ ಅದು?

ಚೆನ್ನಾಗಿದೆ, ಪೈಪ್ ಕತ್ತರಿಸುವ ಕೆಲಸ ಇಲ್ಲ. ಶಬ್ದದ ಅಲೆ ನೀರಿನ ಜೊತೆ ಹೋಗಲು ಹಿಡಿಯುವ ಹೊತ್ತು ಕಮ್ಮಿ, ಎದುರು ಬರಲು ಹಿಡಿಯುವ ಹೊತ್ತು ಜಾಸ್ತಿ. ಆ ವ್ಯತ್ಯಾಸದಿಂದ ನೀರಿನ ವೇಗ ತಿಳಿಯುತ್ತದೆ. ಆದರೆ ಅದಕ್ಕೆ ಮೊದಲು ಪೈಪಿನ ವ್ಯಾಸದ ಹತ್ತು ಪಟ್ಟು, ಆಮೇಲೆ ಐದು ಪಟ್ಟು ನೇರ ಪೈಪ್ ಬೇಕು. ನಮ್ಮ ಪಂಪ್ ರೂಮುಗಳಲ್ಲಿ ಎಲ್ಲಿದೆ ಅಷ್ಟು ಜಾಗ? ಎಲ್ಬೋ ಮೇಲೆ ಎಲ್ಬೋ, ನಡುವೆ ಒಂದು ವಾಲ್ವ್. ಹಳೆಯ ಜಿ.ಐ. ಪೈಪ್ ಆದರೆ ಬೋರ್‌ವೆಲ್ ನೀರಿನ ಗಡುಸಿಗೆ ಒಳಗೆ ಪದರ ಕಟ್ಟಿರುತ್ತದೆ. ನೀವು ಕೊಟ್ಟ ಒಳ ವ್ಯಾಸವೇ ಸುಳ್ಳಾಗುತ್ತದೆ. ಬಾಡಿಗೆಗೆ ತಂದರೂ ಒಮ್ಮೆ ಸಂಪಿನ ಲೆಕ್ಕದ ಜೊತೆ ತಾಳೆ ನೋಡಿ.

ಪಂಪಿನ ಎಫಿಶಿಯೆನ್ಸಿ ನಾವೇ ಕಂಡುಹಿಡಿಯಬಹುದಾ?

ಒಟ್ಟಾರೆ ಎಫಿಶಿಯೆನ್ಸಿ ಖಂಡಿತ ಆಗುತ್ತದೆ. ಗಂಟೆಗೆ ಎಷ್ಟು ಸಾವಿರ ಲೀಟರ್, ಅದನ್ನು ಎಷ್ಟು ಮೀಟರ್ ಪ್ರೆಷರಿಗೆ ಏರಿಸಿದೆ, ಇವೆರಡನ್ನು ಗುಣಿಸಿ 367ರಿಂದ ಭಾಗಿಸಿ. ನೀರಿಗೆ ಸಿಕ್ಕ ಪವರ್ ಕಿಲೋವ್ಯಾಟಿನಲ್ಲಿ ಬರುತ್ತದೆ. ನಮ್ಮ ಪರೀಕ್ಷೆಯಲ್ಲಿ ಅರ್ಧ ಗಂಟೆಗೆ 6, ಅಂದರೆ ಗಂಟೆಗೆ 12. ಅದನ್ನು 35ಕ್ಕೆ ಗುಣಿಸಿ 367ರಿಂದ ಭಾಗಿಸಿದರೆ 1.14 ಕಿಲೋವ್ಯಾಟ್. ಲೈನಿನಿಂದ ಎಳೆದದ್ದು 2.6. ಒಟ್ಟು 44 ಪರ್ಸೆಂಟ್.

ಪ್ರೆಷರ್ ಅಂದರೆ ಪಂಪ್ ಏರಿಸಿದ ಪ್ರೆಷರ್, ಬರೀ ಹೊರಗಿನ ಗೇಜ್ ಓದು ಅಲ್ಲ. ನಮ್ಮಲ್ಲಿ ಸಂಪಿನ ನೀರು ಪಂಪಿನ ಮಟ್ಟದಲ್ಲೇ ಇರುವುದರಿಂದ ಹೊರಗಿನ ಗೇಜ್ ಸಾಕಾಯಿತು. ನೀರು ಪಂಪಿಗಿಂತ ಕೆಳಗಿದ್ದರೆ ಆ ಎತ್ತರವನ್ನು ಕೂಡಿಸಿ, ಮೇಲಿದ್ದರೆ ಕಳೆಯಿರಿ. ಗೇಜನ್ನು ಮೊದಲು ನೋಡಿ: ಪ್ರೆಷರ್ ಬಿಟ್ಟಾಗ ಮುಳ್ಳು ಸೊನ್ನೆಗೆ ಬರುತ್ತದಾ? ನಮ್ಮ ಹಳೆಯ ಗೇಜ್ ಪಂಪು ನಿಂತಿದ್ದರೂ 0.6 ತೋರಿಸುತ್ತಿತ್ತು.

ಒಂದು ದಿನ ಬೆಳಿಗ್ಗೆ ಅಳೆದರೆ ಸಾಲದಾ?

ಸಾಲದು. ಬೆಳಿಗ್ಗೆ ಆರೂವರೆಗೆ ಯಾವ ಪಂಪೂ ಜಾಣ. ಅದರ ನಿಜ ಬಣ್ಣ ಗೊತ್ತಾಗುವುದು ರಾತ್ರಿ.

ನಮ್ಮ ಬೆಳಗಿನ ಲೆಕ್ಕ 0.217 ಬಂದಿತ್ತು. ಇಡೀ ವಾರದ ಲೆಕ್ಕ ಹಾಕಿದರೆ ದಿನಕ್ಕೆ 90 ಸಾವಿರ ಲೀಟರಿಗೆ 29 ಯೂನಿಟ್, ಅಂದರೆ 0.32. ಈ ನಡುವಿನದು ಎಲ್ಲಿ ಹೋಯಿತು? ಒಂದು ಶನಿವಾರ ರಾತ್ರಿ ಒಂದು ಗಂಟೆಗೆ ಪಂಪ್ ರೂಮಿಗೆ ಹೋಗಿ ಕುರ್ಚಿ ಹಾಕಿ ಕೂತೆ. ಇಡೀ ಕಟ್ಟಡ ಮಲಗಿದೆ. ಪಂಪು ಮಾತ್ರ ಒಂದೇ ರಾಗದಲ್ಲಿ ಗುಂಯ್ ಅನ್ನುತ್ತಿದೆ, ನಿಲ್ಲುವುದೇ ಇಲ್ಲ. ಡ್ರೈವ್‌ನ ಪರದೆಯಲ್ಲಿ 42.1, 42.0, 42.2. ಮೀಟರಿನ ಕೆಂಪು ದೀಪ 20 ಸಲ ಮಿಣುಕಲು 12.5 ಸೆಕೆಂಡ್. ಪಂಪಿನ ಹೊಟ್ಟೆ ಮೇಲೆ ಕೈ ಇಟ್ಟರೆ ಬೆಚ್ಚಗೆ. ಹಗಲು ಹೀಗೆ ಇರುವುದಿಲ್ಲ, ಹೊಸ ನೀರು ಬಂದು ತಣ್ಣಗೆ ಇಡುತ್ತದೆ. ಒಂದರಿಂದ ನಾಲ್ಕರವರೆಗೆ ಸಂಪು ಇಳಿದದ್ದು 5 ಸೆಂಟಿಮೀಟರ್, 600 ಲೀಟರ್. ಯಾರ ಯಾರ ಮನೆಯದೋ ಫ್ಲಶ್ ಟ್ಯಾಂಕ್ ಸೋರಿದ್ದು. ತಿಂದದ್ದು 5.4 ಯೂನಿಟ್. ಸಾವಿರ ಲೀಟರಿಗೆ 9 ಯೂನಿಟ್! ಬೆಳಗಿನ ನಲವತ್ತು ಪಟ್ಟು. ಇಷ್ಟು ಕಮ್ಮಿ ನೀರಿನಲ್ಲಿ ಸಂಪಿನ ಅಳತೆ ಅಷ್ಟು ನಿಖರ ಅಲ್ಲ, ಒಪ್ಪುತ್ತೇನೆ. ಎಂಟೋ ಹತ್ತೋ ಆಗಿರಲಿ, ಕಥೆ ಬದಲಾಗುವುದಿಲ್ಲ.

ಡ್ರೈವ್‌ಗೆ ನಿದ್ದೆ ಮಾಡುವ ಸೆಟ್ಟಿಂಗ್ ಇರುತ್ತದೆ. ಹರ್ಟ್ಸ್ ಒಂದು ಮಟ್ಟಕ್ಕಿಂತ ಇಳಿದು ಸ್ವಲ್ಪ ಹೊತ್ತು ಹಾಗೇ ಇದ್ದರೆ ಪಂಪು ನಿಲ್ಲಬೇಕು. ನಮ್ಮಲ್ಲಿ ಅದನ್ನು ಹಾಕಿಕೊಟ್ಟವರು 35 ಹರ್ಟ್ಸಿಗೆ ಇಟ್ಟಿದ್ದರು. ಈಗ ಮೊದಲಿನ 42 ನೆನಪು ಮಾಡಿಕೊಳ್ಳಿ. ನೀರು ಪೂರ್ತಿ ನಿಂತರೂ ಈ ಪಂಪು 42ಕ್ಕಿಂತ ಕೆಳಗೆ ಬರುವುದೇ ಇಲ್ಲ. 35 ಬರುವುದು ಯಾವಾಗ, ನಿದ್ದೆ ಮಾಡುವುದು ಯಾವಾಗ? ವರ್ಷಗಟ್ಟಲೆ ನಮ್ಮ ಪಂಪು ಒಂದು ರಾತ್ರಿಯೂ ಮಲಗಿರಲಿಲ್ಲ.

ಅದನ್ನು 43ಕ್ಕೆ ಏರಿಸಿದೆವು. ಆಗ ಇನ್ನೊಂದು ರೋಗ ಹೊರಗೆ ಬಂತು. ಪಂಪು ನಿಂತು ಹತ್ತು ಸೆಕೆಂಡಿಗೆ ಮತ್ತೆ ಏಳುತ್ತಿತ್ತು. ಪಕ್ಕದ ಪ್ರೆಷರ್ ಟ್ಯಾಂಕಿನಲ್ಲಿ ಗಾಳಿಯೇ ಇರಲಿಲ್ಲ. ಆ ಟ್ಯಾಂಕಿನ ನೀರು ಖಾಲಿ ಮಾಡಿ, ಪಂಪು ಏಳುವ ಪ್ರೆಷರಿಗಿಂತ ಸುಮಾರು 10 ಪರ್ಸೆಂಟ್ ಕಮ್ಮಿ ಗಾಳಿ ತುಂಬಿಸಿದ ಮೇಲೆ ಪಂಪು ನೆಟ್ಟಗೆ ಮಲಗಲು ಶುರು ಮಾಡಿತು. ದಿನಕ್ಕೆ 29 ಇದ್ದದ್ದು 22 ಯೂನಿಟ್ ಆಯಿತು. ಖರ್ಚಾದದ್ದು ಗಾಳಿ ತುಂಬುವವನ ಚಹಾದ ದುಡ್ಡು.

ಎಷ್ಟು ದಿನ, ಎಷ್ಟು ಹೊತ್ತಿಗೊಮ್ಮೆ ದಾಖಲಿಸಬೇಕು?

ಕನಿಷ್ಠ ಏಳು ದಿನ, ಭಾನುವಾರ ಸೇರಿ. ಮೀಟರಿಗೆ ಲಾಗರ್ ಕಟ್ಟಿದರೆ ನಿಮಿಷಕ್ಕೊಂದು ಓದು ಇರಲಿ. 15 ನಿಮಿಷಕ್ಕೊಂದು ಇಟ್ಟರೆ ಪಂಪು ಪದೇ ಪದೇ ನಿಂತು ಏಳುವುದು ಕಾಣುವುದಿಲ್ಲ. ಲಾಗರ್ ಇಲ್ಲವಾ? ರಾತ್ರಿ ಹನ್ನೊಂದು ಮತ್ತು ಬೆಳಿಗ್ಗೆ ಐದಕ್ಕೆ ಸೆಕ್ಯುರಿಟಿಯವರು ರಿಜಿಸ್ಟರಿನಲ್ಲಿ ಮೀಟರ್ ಓದು ಬರೆದರೂ ಅರ್ಧ ಕೆಲಸ ಆಯಿತು.

ಪಂಪು ಸವೆದಿದೆಯಾ ಅಂತ ತಿಳಿಯುವುದು ಹೇಗೆ?

ಡ್ರೈವ್ ಅನ್ನು ಮ್ಯಾನುಯಲ್‌ಗೆ ಹಾಕಿ, 50 ಹರ್ಟ್ಸ್ ಕೊಟ್ಟು, ಪಂಪಿನ ಮುಂದಿನ ವಾಲ್ವ್ ಮುಚ್ಚಿ ಗೇಜ್ ಓದಿ. ಒಂದು ನಿಮಿಷದೊಳಗೆ ಮುಗಿಸಿ, ಇಲ್ಲದಿದ್ದರೆ ಒಳಗಿನ ನೀರು ಕಾಯುತ್ತದೆ. ಪಂಪಿನ ಜೊತೆ ಬಂದ ಕರ್ವ್‌ನಲ್ಲಿ ನೀರು ಸೊನ್ನೆ ಇರುವಾಗ ಎಷ್ಟು ಮೀಟರ್ ಅಂತ ಇರುತ್ತದೆ. ಅದಕ್ಕಿಂತ ತುಂಬ ಕೆಳಗಿದ್ದರೆ ಇಂಪೆಲ್ಲರೋ (ನೀರು ತಳ್ಳುವ ಚಕ್ರ) ವೇರ್ ರಿಂಗೋ (ಅದರ ಸುತ್ತಲಿನ ಬಳೆ) ಸವೆದಿದೆ. ಸೆಂಟ್ರಿಫ್ಯೂಗಲ್ ಪಂಪಿಗೆ ಮಾತ್ರ ಈ ಪರೀಕ್ಷೆ. ಸೆಟ್ ಪ್ರೆಷರ್ ಬದಲಾಗದೆ ರಾತ್ರಿಯ ಹರ್ಟ್ಸ್ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೂ ಅದೇ ಅರ್ಥ.

ಎರಡು ಪಂಪು ಇದ್ದರೆ ಒಂದನ್ನೇ ಜೋರಾಗಿ ಓಡಿಸಬೇಕಾ, ಎರಡನ್ನೂ ನಿಧಾನಕ್ಕಾ?

ಅಳೆದು ನೋಡಿ. ಎಸಿಯ ತಣ್ಣೀರಿನಲ್ಲಿ ಎರಡನ್ನೂ ನಿಧಾನ ಓಡಿಸುವುದು ಹಲವು ಸಲ ಲಾಭ. ನಮ್ಮಂಥ ಕಡೆ ಎರಡೂ ಪಂಪು 42ರ ಹತ್ತಿರ, ಕಮ್ಮಿ ನೀರಿನಲ್ಲಿ, ಕೆಟ್ಟ ಎಫಿಶಿಯೆನ್ಸಿಯಲ್ಲಿ ಓಡುತ್ತವೆ. ನಮ್ಮಲ್ಲಿ ಮೊದಲನೆಯದು 49 ಮುಟ್ಟಿದ ಮೇಲೆಯೇ ಎರಡನೆಯದು ಏಳುತ್ತದೆ.

ಸೆಟ್ ಪ್ರೆಷರ್ ಇಳಿಸಿದರೆ ಎಷ್ಟು ಉಳಿಯುತ್ತದೆ?

4ರಿಂದ 3.5ಕ್ಕೆ ಇಳಿಸಿದರೆ ಎತ್ತುವ ಕೆಲಸದಲ್ಲಿ ಎಂಟನೇ ಒಂದು ಭಾಗ ಕಮ್ಮಿ. ಸೋರುವ ನಲ್ಲಿಗಳೂ ಸ್ವಲ್ಪ ಕಮ್ಮಿ ಸೋರುತ್ತವೆ. ಒಂದೇ ಸಲ ಇಳಿಸಬೇಡಿ. ವಾರಕ್ಕೆ 0.2ರಂತೆ ಇಳಿಸುತ್ತಾ, ಬೆಳಿಗ್ಗೆ ಏಳು ಗಂಟೆಗೆ ಮೇಲಿನ ಮಹಡಿಯ ಮೂಲೆ ಮನೆಯ ಶವರ್ ಹೇಗಿದೆ ಕೇಳಿ. ಇಳಿಸುತ್ತೇವೆ ಅಂತ ಮೊದಲೇ ಹೇಳಿಬಿಟ್ಟರೆ ಪ್ರೆಷರ್ ಇಳಿಸದಿದ್ದರೂ ದೂರು ಬರುತ್ತದೆ. ನಮ್ಮಲ್ಲಿ ಹಾಗೇ ಆಯಿತು.

ಮೇಲೆ ಓವರ್‌ಹೆಡ್ ಟ್ಯಾಂಕ್ ಇದ್ದರೆ ಇದಕ್ಕಿಂತ ಒಳ್ಳೆಯದಾ?

ಕರೆಂಟಿನ ಮಟ್ಟಿಗೆ, ನನ್ನ ಅಭಿಪ್ರಾಯದಲ್ಲಿ, ಹೌದು. 45 ಮೀಟರ್ ಎತ್ತರದ ಟ್ಯಾಂಕಿಗೆ ಒಂದೇ ವೇಗದ ಪಂಪು 53 ಪರ್ಸೆಂಟ್ ಒಟ್ಟು ಎಫಿಶಿಯೆನ್ಸಿಯಲ್ಲಿ ತುಂಬಿಸಿದರೆ ಸಾವಿರ ಲೀಟರಿಗೆ 0.23 ಯೂನಿಟ್. ಹತ್ತು ಮೀಟರ್ ಜಾಸ್ತಿ ಎತ್ತಿಯೂ ನಮ್ಮ ರಿಪೇರಿಯಾದ ಸಿಸ್ಟಮಿಗೆ ಸರಿಸಮ. ಯಾಕೆಂದರೆ ಆ ಪಂಪು ಓಡುವಾಗ ತನಗೆ ಹೊಂದುವ ಒಂದೇ ಹದದಲ್ಲಿ ಓಡುತ್ತದೆ, ತುಂಬಿದ ಮೇಲೆ ನಿಲ್ಲುತ್ತದೆ. ಕರೆಂಟ್ ಹೋದರೂ ನಲ್ಲಿಯಲ್ಲಿ ನೀರಿರುತ್ತದೆ. ಮೇಲಿನ ಎರಡು ಮಹಡಿಗೆ ಪ್ರೆಷರ್ ಸಾಲದು ಅನ್ನುವುದು ನಿಜ, ಅಷ್ಟಕ್ಕೆ ಮಾತ್ರ ಸಣ್ಣ ಪಂಪು ಇಟ್ಟರೆ ಮುಗಿಯಿತು.

ಬೋರ್‌ವೆಲ್ ಮೋಟರಿಗೂ ವಿ.ಎಫ್.ಡಿ. ಹಾಕಿಸಲಾ?

ಉಳಿತಾಯಕ್ಕೆ ಅಂತಾದರೆ ಬೇಡ. ಅಲ್ಲಿ ಇರುವುದೆಲ್ಲ ಎತ್ತರವೇ. ನಿಧಾನಕ್ಕೆ ಸ್ಟಾರ್ಟ್ ಆಗಲಿ, ಬಾವಿಗೆ ಬರುವ ನೀರಿಗೆ ತಕ್ಕಂತೆ ಓಡಲಿ ಅಂತಾದರೆ ಸರಿ.

ಆಫೀಸಿನ ಎಸಿ ಪಂಪುಗಳಲ್ಲಿ ಏನು ಅಳೆಯಬೇಕು?

ಅಲ್ಲಿ ಘನದ ಲೆಕ್ಕ ಬಹುಮಟ್ಟಿಗೆ ಹೊಂದುತ್ತದೆ, ವಿ.ಎಫ್.ಡಿ. ತನ್ನ ದುಡ್ಡು ದುಡಿಯುತ್ತದೆ. ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2007ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ಇ.ಸಿ.ಬಿ.ಸಿ. (ಕಟ್ಟಡಗಳ ಇಂಧನ ಉಳಿತಾಯದ) ನಿಯಮಗಳು ಕೂಡ ಒಂದು ಅಳತೆಗಿಂತ ದೊಡ್ಡ ಎಸಿ ಪಂಪುಗಳಿಗೆ ಇದನ್ನು ಕೇಳುತ್ತವೆ.

ನೀರು, ಕರೆಂಟಿನ ಜೊತೆ ಮೂರನೆಯದಾಗಿ ಉಷ್ಣಾಂಶ ಅಳೆಯಬೇಕು. ತಣ್ಣೀರು ಹೋಗುವಾಗ ಎಷ್ಟು, ಬರುವಾಗ ಎಷ್ಟು? 100 ಟನ್ ತಂಪಿಗೆ 5.5 ಡಿಗ್ರಿ ವ್ಯತ್ಯಾಸ ಇದ್ದರೆ ಗಂಟೆಗೆ 55 ಸಾವಿರ ಲೀಟರ್ ಸಾಕು. ವ್ಯತ್ಯಾಸ 3 ಡಿಗ್ರಿಗೆ ಇಳಿದರೆ ಅದೇ ತಂಪಿಗೆ 100 ಸಾವಿರ ಲೀಟರ್ ಓಡಿಸಬೇಕು. ಪಂಪಿನ ತಪ್ಪೇನಿಲ್ಲ. ಎಲ್ಲೋ ವಾಲ್ವ್ ಮುಚ್ಚುತ್ತಿಲ್ಲ, ಇಲ್ಲವೇ ಕಾಯಿಲ್ ಕೊಳೆಯಾಗಿದೆ. ಹೋಗುವ, ಬರುವ ಪೈಪುಗಳ ಪ್ರೆಷರ್ ವ್ಯತ್ಯಾಸ ಅಳೆಯುವ ಡಿಫರೆನ್ಷಿಯಲ್ ಪ್ರೆಷರ್ ಸೆನ್ಸರ್ ಎಲ್ಲಿದೆ ನೋಡಿ. ಪಂಪಿನ ಬುಡದಲ್ಲೇ ಇದ್ದರೆ ಡ್ರೈವ್ ವೇಗ ಇಳಿಸಲು ಹೆದರುತ್ತದೆ. ಪೈಪಿನ ದೂರದ ತುದಿಯಲ್ಲಿರಬೇಕು. ಇನ್ನು ಡ್ರೈವ್ 48 ಹರ್ಟ್ಸಿನಲ್ಲಿದೆ, ಪಕ್ಕದಲ್ಲೇ ವಾಲ್ವ್ ಅರ್ಧ ಮುಚ್ಚಿದೆ ಅಂದರೆ ಮೊದಲು ಆ ವಾಲ್ವ್ ತೆರೆಯಿರಿ.

ಮಗಳು ಜರ್ಮನಿಯಲ್ಲಿದ್ದಾಳೆ. ಅವಳ ಮನೆಯ ಹೀಟಿಂಗ್ ಪಂಪಿನ ಮೇಲೆ ‘ಇ.ಇ.ಐ. 0.20’ ಅಂತಿದೆ. ಏನದು?

ಮನೆ ಬೆಚ್ಚಗಿಡುವ ಬಿಸಿನೀರನ್ನು ಸುತ್ತಿಸುವ ಪಂಪು ಅದು. ಇ.ಇ.ಐ. ಅಂದರೆ ಅದರ ಎನರ್ಜಿ ಎಫಿಶಿಯೆನ್ಸಿ ಇಂಡೆಕ್ಸ್. ಸಂಖ್ಯೆ ಕಮ್ಮಿ ಇದ್ದಷ್ಟೂ ಒಳ್ಳೆಯದು. ಯುರೋಪಿಯನ್ ಒಕ್ಕೂಟದಲ್ಲಿ 2015ರ ಆಗಸ್ಟ್‌ನಿಂದ 0.23ಕ್ಕಿಂತ ಜಾಸ್ತಿ ಇರುವಂತಿಲ್ಲ. ನನಗೆ ಇಷ್ಟವಾದದ್ದು ಅವರ ಲೆಕ್ಕದ ರೀತಿ. ಪೂರ್ತಿ ನೀರು ಓಡುವುದು 6 ಪರ್ಸೆಂಟ್ ಹೊತ್ತು, ಮುಕ್ಕಾಲು ನೀರು 15, ಅರ್ಧ 35, ಕಾಲು ಭಾಗ 44 ಪರ್ಸೆಂಟ್ ಹೊತ್ತು ಅಂತ ಹಿಡಿದು ಸರಾಸರಿ ತೆಗೆಯುತ್ತಾರೆ. ನಮ್ಮ ರಾತ್ರಿಯ ಪಂಪಿನ ಹಾಗೆಯೇ, ಜಾಸ್ತಿ ಹೊತ್ತು ಕಮ್ಮಿ ನೀರು.

ಡ್ರೈವ್ ಹಾಕುವವರು ಉಳಿತಾಯದಲ್ಲಿ ಪಾಲು ಕೇಳುತ್ತಿದ್ದಾರೆ. ಒಪ್ಪಂದದಲ್ಲಿ ಏನು ಬರೆಸಬೇಕು?

ಕೆಲಸಕ್ಕೆ ಮೊದಲು ಒಂದು ವಾರ, ಆಮೇಲೆ ಒಂದು ವಾರ, ಅದೇ ಮೀಟರಿನಲ್ಲಿ, ನೀರಿನ ಸಮೇತ ಅಳೆಯಬೇಕು ಅಂತ ಬರೆಸಿ. ಮೊದಲಿನ ವಾರ ಅಳೆಯದೆ ಕೆಲಸ ಶುರು ಮಾಡಿದರೆ ಆಮೇಲೆ ದೇವರಿಗೂ ಉಳಿತಾಯ ಹೇಳಲು ಆಗುವುದಿಲ್ಲ. ಇದಕ್ಕೆ ಐ.ಪಿ.ಎಂ.ವಿ.ಪಿ. ಅನ್ನುವ ಅಂತರರಾಷ್ಟ್ರೀಯ ಪದ್ಧತಿ ಇದೆ, ಎ, ಬಿ, ಸಿ, ಡಿ ಅಂತ ನಾಲ್ಕು ದಾರಿ. ‘ಎ’ ಅಂದರೆ ಮುಖ್ಯವಾದದ್ದನ್ನು ಅಳೆದು ಉಳಿದದ್ದನ್ನು ಅಂದಾಜು ಮಾಡುವುದು, ‘ಬಿ’ ಅಂದರೆ ಎಲ್ಲವನ್ನೂ ಅಳೆಯುವುದು. ‘ಸಿ’ ಇಡೀ ಕಟ್ಟಡದ ಮೀಟರ್, ‘ಡಿ’ ಕಂಪ್ಯೂಟರ್ ಮಾದರಿ. ಪಂಪಿಗೆ ‘ಬಿ’ ಕೇಳಿ. ಲಿಫ್ಟು, ದೀಪ ಎಲ್ಲ ಸೇರಿದ ಬಿಲ್ಲಿನಲ್ಲಿ ಒಂದು ಪಂಪಿನ ಉಳಿತಾಯ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಮಂಗಳೂರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಅದೇ ಪಂಪು ಬೆಂಗಳೂರಿನಲ್ಲಿ ಯಾಕೆ ಕರಕರ ಅನ್ನುತ್ತದೆ?

ಬೆಂಗಳೂರು ಸಮುದ್ರಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಪಂಪು ಕೆಳಗಿನಿಂದ ನೀರು ಎಳೆಯುವ ಶಕ್ತಿ ಸುಮಾರು ಒಂದು ಮೀಟರ್ ಕಮ್ಮಿಯಾಗುತ್ತದೆ. ಸಂಪು ಆಳವಾಗಿದ್ದರೆ ಆ ಒಂದು ಮೀಟರೇ ಸಾಕು ಕ್ಯಾವಿಟೇಶನ್ (ನೀರಿನಲ್ಲಿ ಆವಿಯ ಗುಳ್ಳೆ ಎದ್ದು ಒಡೆಯುವುದು) ಶುರುವಾಗಲು, ಒಳಗೆ ಜಲ್ಲಿ ಉರುಳಿದ ಶಬ್ದ ಬರುತ್ತದೆ. ಆಗ ಅಳೆದ ಎಫಿಶಿಯೆನ್ಸಿಗೆ ಅರ್ಥ ಇಲ್ಲ, ಮೊದಲು ಅದನ್ನು ಸರಿ ಮಾಡಿಸಿ. ಫುಟ್ ವಾಲ್ವ್ ಕಟ್ಟಿಕೊಂಡಿದ್ದರೂ ಇದೇ ಶಬ್ದ ಬರುತ್ತದೆ.

ಇದೆಲ್ಲ ನಾವೇ ಮಾಡಬಹುದಾ?

ಸಂಪು, ಗೇಜ್, ಮೀಟರ್ ಓದುವುದು ನೀವೇ ಮಾಡಿ. ಪ್ಯಾನೆಲ್ ಬಾಗಿಲು ತೆರೆಯುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಮೇನ್ ಆಫ್ ಮಾಡಿದ ಮೇಲೂ ಡ್ರೈವ್‌ನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕು ಅಂತ ಅದರ ಮೇಲೇ ಬರೆದಿರುತ್ತದೆ, ಅಷ್ಟು ಕಾಯಲಿ. ಕರೆಂಟ್ ಓಡುತ್ತಿರುವಾಗ ಸಿ.ಟಿ.ಯ ವೈರ್ ಬಿಚ್ಚುವುದು ಯಾವ ಕಾರಣಕ್ಕೂ ಬೇಡ.